ಒಂದರಿಂದ ಹತ್ತರವರೆಗೆ

ಸಿಇಟಿ ರ್‍ಯಾಂಕ್ ಬಂದ ಮರುದಿನದಿಂದ ನಮ್ಮ ಮನೆಯ ಗೇಟಿಗೆ ಪುರುಸೊತ್ತಿರುವುದಿಲ್ಲ. ಮೂವತ್ತೆರಡು ವರ್ಷ ಒಂದು ಎಂಜಿನಿಯರಿಂಗ್ ಕಾಲೇಜಿನ ಅಡ್ಮಿಷನ್ ಸೆಕ್ಷನ್ನಿನಲ್ಲಿ ಕೂತು ನಿವೃತ್ತನಾದವನು ನಾನು, ಸೇತುರಾಮ. ಯಾವ ರ್‍ಯಾಂಕಿಗೆ ಯಾವ ಕಾಲೇಜಿನಲ್ಲಿ ಯಾವ ಬ್ರಾಂಚು ಸಿಗಬಹುದು ಎಂದು ಕೇಳಿಕೊಂಡು ಜಯನಗರವಲ್ಲದೆ ಜೆ.ಪಿ. ನಗರ, ಉತ್ತರಹಳ್ಳಿ ಕಡೆಯಿಂದಲೂ ಜನ ಬರುತ್ತಾರೆ. ಬರುವವರಿಗೆ ಬೇಕಾದದ್ದು ಲೆಕ್ಕವಲ್ಲ, ಆಶೀರ್ವಾದ. ಅದು ನನ್ನಲ್ಲಿ ಸಿಗುವುದಿಲ್ಲ. ಸಿಗುತ್ತೆ, ಸಿಗಲ್ಲ, ಅಂಚಿನಲ್ಲಿದೆ ಎಂಬ ಮೂರರಲ್ಲಿ ಒಂದು ಮಾತು ಹೇಳಿ ಕಳಿಸುತ್ತೇನೆ. ಸಿಗಲ್ಲ ಎಂದಾಗ ಕೆಲವರು ಮುಖ ಊದಿಸಿಕೊಂಡು ಕಾಫಿಯನ್ನೂ ಮುಟ್ಟದೆ ಎದ್ದುಬಿಡುತ್ತಾರೆ. ಸ್ವಲ್ಪ ಮೆತ್ತಗೆ ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂಬುದು ನನ್ನ ಹೆಂಡತಿ ವಿಮಲಾಳ ಹಳೆಯ ಪ್ರಶ್ನೆ. ನಂಬರಿನಲ್ಲಿ ಮೆತ್ತಗಿನದು, ಗಟ್ಟಿಯದು ಎಂದಿಲ್ಲ ಎಂಬುದು ನನ್ನ ಹಳೆಯ ಉತ್ತರ.

ಸಿಗುತ್ತೆ ಎಂದು ಹೇಳುವ ಆಸೆ ನನಗೇ ಇದ್ದದ್ದು ಒಬ್ಬರ ವಿಷಯದಲ್ಲಿ ಮಾತ್ರ. ಅವರು ಸಂಗೀತಾ ಮೇಡಂ. ಬನಶಂಕರಿಯ ಒಂದು ಹಳೆಯ ಅನುದಾನಿತ ಕನ್ನಡ ಶಾಲೆಯಲ್ಲಿ ಟೀಚರು. ಮನೆ ಸುಬ್ರಹ್ಮಣ್ಯಪುರದಲ್ಲಿ, ಗಂಡ ಮಹೇಶ್ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್, ಒಬ್ಬಳೇ ಮಗಳು ತನ್ಮಯಿ. ಪ್ರತಿ ಮೇ ತಿಂಗಳು ಆ ಶಾಲೆಯ ಟೀಚರುಗಳು ಬಿಸಿಲಿನಲ್ಲಿ ಮನೆಮನೆ ಸುತ್ತಿ, ನಿಮ್ಮ ಮಕ್ಕಳನ್ನು ನಮ್ಮಲ್ಲಿಗೆ ಸೇರಿಸಿ ಎಂದು ಕೇಳಬೇಕು. ಸಾಕಷ್ಟು ಮಕ್ಕಳು ಸೇರದಿದ್ದರೆ ಆ ವರ್ಷ ಒಂದನೇ ತರಗತಿಯೇ ಇಲ್ಲ. ನಮ್ಮ ರಸ್ತೆಯಲ್ಲಿ ಅವರಿಗೆ ಎಲ್ಲರೂ ಕೊಡುವ ಉತ್ತರ ಒಂದೇ: ನಮ್ಮ ಕೆಲಸದವಳಿಗೆ ಮಕ್ಕಳಿದ್ದಾರೆ, ಅವಳನ್ನು ಕೇಳಿ. ನಾನೂ ಒಮ್ಮೆ ಹಾಗೇ ಅಂದೆ. ನನ್ನ ಮಗ ವಿಷ್ಣು ಕಾನ್ವೆಂಟಿನಲ್ಲಿ ಓದಿ ಮುಗಿಸಿದ್ದ, ಅನ್ನಲು ನನಗೇನು ಕಷ್ಟ? ಅಷ್ಟಕ್ಕೇ ಬಿಡದೆ, ಊರ ಮಕ್ಕಳನ್ನೆಲ್ಲ ಕರೆಯುತ್ತೀರಲ್ಲ, ನಿಮ್ಮ ಮಗುವನ್ನು ಎಲ್ಲಿಗೆ ಹಾಕುತ್ತೀರಿ ಎಂದು ಕೆಣಕಿದೆ. ಅವರು ಪಕ್ಕದಲ್ಲಿದ್ದ ಪುಟ್ಟ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ನಮ್ಮಲ್ಲೇ ಸಾರ್, ಈ ವರ್ಷ ಒಂದನೇ ಕ್ಲಾಸು ಎಂದರು. ಕೆನ್ನೆಗೆ ಬಾರಿಸಿದ ಹಾಗಾಯಿತು. ಆಮೇಲೆ ಯಾವತ್ತೂ ಅವರನ್ನು ಗೇಟಿನಾಚೆ ನಿಲ್ಲಿಸಿ ಮಾತಾಡಿದವನಲ್ಲ.

ಆ ಹುಡುಗಿ ಹತ್ತನೇ ಕ್ಲಾಸಿನವರೆಗೆ ಅಮ್ಮನ ಶಾಲೆಯಲ್ಲೇ ಓದಿದಳು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದು, ಜಯನಗರದ ದೊಡ್ಡ ಪಿಯು ಕಾಲೇಜಿನಲ್ಲಿ ಸೈನ್ಸ್ ಸೇರಿದಳು. ಮೊದಲ ಮೂರು ತಿಂಗಳು ಫಿಸಿಕ್ಸ್ ಪಾಠದ ಇಂಗ್ಲಿಷು ತಲೆಗೆ ಹತ್ತದೆ ರಾತ್ರಿ ಅಳುತ್ತಿದ್ದಳಂತೆ. ಆಮೇಲೆ ಹಲ್ಲು ಕಚ್ಚಿ ಓದಿದಳು. ಈ ಜೂನ್‌ನಲ್ಲಿ ಸಿಇಟಿ ರ್‍ಯಾಂಕ್ ಬಂತು, ನಾಲ್ಕು ಸಾವಿರದ ಆರುನೂರ ಹನ್ನೆರಡು.

ಮರುದಿನ ಸಂಜೆ ತಾಯಿ ಮಗಳಿಬ್ಬರೂ ನಮ್ಮ ಊಟದ ಮೇಜಿನ ಮುಂದೆ ಕೂತರು. ಅವರಿಗೆ ಬೇಕಾದದ್ದು ಒಂದೇ ಸೀಟು, ವಿಶ್ವವಿದ್ಯಾಲಯದ ಹಳೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್. ಹೋದ ವರ್ಷ ಅದು ಅವರ ವರ್ಗದಲ್ಲಿ ಎರಡು ಸಾವಿರದ ಆಸುಪಾಸಿಗೇ ನಿಂತುಹೋಗಿತ್ತು. ಆ ದಾರಿಯಲ್ಲಿ ಈ ರ್‍ಯಾಂಕಿಗೆ ಆಸೆಯಿಲ್ಲ. ಆದರೆ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆಂದು ನೂರಕ್ಕೆ ಐದು ಸೀಟು ಬೇರೆಯಾಗಿ ಇಟ್ಟಿರುತ್ತಾರೆ. ಅದರಲ್ಲಿ ಹೋದ ವರ್ಷ ಐದು ಸಾವಿರ ದಾಟಿದವರಿಗೂ ಸಿಕ್ಕಿತ್ತು. ಸಂಗೀತಾ ಮೇಡಂಗೆ ಇದೆಲ್ಲ ಬಾಯಿಪಾಠ. ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ ಸಹಿ, ಬಿಇಒ ಸಹಿ, ಸೀಲು ಎಲ್ಲ ಮಾಡಿಸಿ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ತಂದಿದ್ದರು. ಮಾತಾಡದ ಹೆಂಗಸು ಅವತ್ತು ತಡೆಯಿಲ್ಲದೆ ಮಾತಾಡಿದರು. ಇದೊಂದು ಸೀಟು ಸಿಕ್ಕರೆ ಮುಂದಿನ ಮೇ ತಿಂಗಳಲ್ಲಿ ನಾನು ಯಾರ ಮನೆಯ ಮುಂದೆಯೂ ಬಾಯಿ ನೋಯಿಸಿಕೊಳ್ಳಬೇಕಾಗಿಲ್ಲ ಸಾರ್, ಇವಳನ್ನು ತೋರಿಸಿದರೆ ಸಾಕು ಎಂದರು. ಮಗಳು ತಲೆ ತಗ್ಗಿಸಿ ಮೇಜಿನ ಬಟ್ಟೆಯ ದಾರ ಎಳೆಯುತ್ತಿದ್ದಳು. ನಾಚಿಕೊಂಡಿದ್ದಾಳೆ ಎಂದುಕೊಂಡೆ.

ಸಿಗುತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅರ್ಜಿಯ ಪ್ರಿಂಟ್ ನೋಡದೆ ನಾನು ಯಾರಿಗೂ ಏನನ್ನೂ ಹೇಳುವುದಿಲ್ಲ, ಕಾಲೇಜಿನಲ್ಲಿ ಕಲಿತ ಚಾಳಿ. ಪ್ರಿಂಟ್ ಕೇಳಿದೆ. ಮನೆಯಲ್ಲಿದೆ ಎಂದಳು ಹುಡುಗಿ. ಮೊಬೈಲಿನಲ್ಲಿ ಇರುತ್ತದಲ್ಲಮ್ಮ ಎಂದೆ. ಚಾರ್ಜಿಲ್ಲ ಎಂದಳು. ವಿಮಲಾ ಚಾರ್ಜರ್ ತಂದುಕೊಟ್ಟಳು. ಆಮೇಲೂ ಹುಡುಗಿ ಬಹಳ ಹೊತ್ತು ಹುಡುಕಿ, ಕೊನೆಗೆ ಫೋನನ್ನು ನನ್ನ ಕಡೆ ತಳ್ಳಿದಳು. ಹೆಸರು, ಹುಟ್ಟಿದ ದಿನ, ವರ್ಗ ಎಲ್ಲ ಸರಿಯಿತ್ತು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಾ ಎಂಬ ಕಾಲಂನ ಮುಂದೆ 'ಇಲ್ಲ' ಎಂದಿತ್ತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ.

ಇಂಥ ತಪ್ಪುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸುಮ್ಮನೆ ಫೋನನ್ನು ತಾಯಿಯ ಕಡೆ ತಿರುಗಿಸಿದೆ. ಅವರು ಓದಿದರು. ಮೊದಲು ಅವರಿಗೆ ಸಿಟ್ಟು ಬಂತು. ಅರ್ಜಿಗಳನ್ನು ಪಿಯು ಕಾಲೇಜಿನ ಲ್ಯಾಬಿನಲ್ಲೇ ಕೂರಿಸಿ ತುಂಬಿಸಿದ್ದರಂತೆ. ಅಲ್ಲಿಯವರು ಆತುರದಲ್ಲಿ ಏನೋ ಒತ್ತಿಸಿರಬೇಕು, ನಾಳೆಯೇ ರಜೆ ಹಾಕಿ ಕಾಲೇಜಿಗೆ ಹೋಗುತ್ತೇನೆ, ಅಲ್ಲಿಂದ ಸಿಇಟಿ ನಡೆಸುವವರ ಮಲ್ಲೇಶ್ವರದ ಆಫೀಸಿಗೆ ಹೋಗಿ ಯಾರ ಕೈಕಾಲಾದರೂ ಹಿಡಿಯುತ್ತೇನೆ ಎಂದು ಫೋಲ್ಡರ್ ಎತ್ತಿಕೊಂಡು ಎದ್ದೇಬಿಟ್ಟರು.

"ಹೋಗ್ಬೇಡಮ್ಮ" ಎಂದಳು ತನ್ಮಯಿ. "ಅವರ ತಪ್ಪಲ್ಲ. ನಾನೇ ಇಲ್ಲ ಅಂತ ಹಾಕಿದ್ದು."

ಆಮೇಲಿನದನ್ನು ಅವಳು ಮೇಜಿನ ಬಟ್ಟೆಗೇ ಹೇಳಿದಳು. ಫೆಬ್ರವರಿಯಲ್ಲಿ ಲ್ಯಾಬಿನಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ಅವಳ ಗೆಳತಿ ಸಮನ್ವಿತಾ. ಆ ಕಾಲಂ ಬಂದಾಗ ಸಮನ್ವಿತಾ, ಇದೆಲ್ಲ ಯಾರಿಗಪ್ಪಾ ಇರುತ್ತೆ ಎಂದು ನಕ್ಕು ಇಲ್ಲ ಎಂದು ಒತ್ತಿ, ಇವಳ ಸ್ಕ್ರೀನಿನ ಕಡೆ ನೋಡಿದಳು. ಇವಳೂ ಒತ್ತಿದಳು. ಕಾಲೇಜು ಸೇರಿದ ಮೊದಲ ವಾರದಲ್ಲೇ, ತಾನು ಜೆ.ಪಿ. ನಗರದ ಒಂದು ಇಂಗ್ಲಿಷ್ ಸ್ಕೂಲಿನಿಂದ ಬಂದವಳು ಎಂದು ಹೇಳಿಕೊಂಡಿದ್ದಳು. ಎರಡು ವರ್ಷ ಅದನ್ನೇ ಕಾಪಾಡಿಕೊಂಡು ಬಂದಿದ್ದಳು. ಅರ್ಜಿ ತಿದ್ದಲು ಆಮೇಲೆ ನಾಲ್ಕು ದಿನ ಅವಕಾಶ ಕೊಟ್ಟಾಗಲೂ ತಿದ್ದಲಿಲ್ಲ. ಎರಡು ಸಾವಿರದೊಳಗೆ ರ್‍ಯಾಂಕ್ ತಂದುಬಿಟ್ಟರೆ ಕೋಟಾ ಬೇಕಾಗುವುದಿಲ್ಲ, ಅಮ್ಮನಿಗೆ ಗೊತ್ತಾಗುವುದೂ ಇಲ್ಲ ಎಂದುಕೊಂಡಿದ್ದಳಂತೆ. ಅದಕ್ಕಾಗಿಯೇ ಅಷ್ಟು ಓದಿದ್ದಂತೆ.

ನನಗೆ ಆ ಹುಡುಗಿಯ ಮೇಲೆ ಕೆಟ್ಟ ಸಿಟ್ಟು ಬಂತು. ಬಾಯಿ ತೆರೆಯುವವನಿದ್ದೆ. ವಿಮಲಾ ನನ್ನ ತೋಳು ಒತ್ತಿದಳು.

ಸಂಗೀತಾ ಮೇಡಂ ಮತ್ತೆ ಕೂತಿದ್ದರು. ಸೀಟಿನ ಮಾತು ಬಿಟ್ಟು ಬೇರೆಯದನ್ನೇ ಕೇಳಿದರು.

"ಪೇರೆಂಟ್ಸ್ ಮೀಟಿಂಗಿಗೆ ಬರ್ತಿದ್ನಲ್ಲ, ಆಗ ಫ್ರೆಂಡ್ಸ್‌ಗೆ ಏನಂತ ಹೇಳ್ತಿದ್ದೆ?"

"ಅಮ್ಮ ಅಂತ್ಲೇ ಹೇಳ್ತಿದ್ದೆ. ಟೀಚರ್ ಅಂತಾನೂ ಹೇಳ್ದೆ." ಹುಡುಗಿ ಮುಂದುವರಿಸಿದಳು, "ಯಾವ ಸ್ಕೂಲು ಅಂತ ಹೇಳ್ಲಿಲ್ಲ."

ತಾಯಿ ತಲೆಯಾಡಿಸಿದರು. ಪ್ರಮಾಣಪತ್ರದ ಮೂಲೆ ಮಡಚಿಕೊಂಡಿತ್ತು. ಅದನ್ನು ಬೆರಳಿನಿಂದ ತೀಡಿ ನೇರ ಮಾಡಿ ಫೋಲ್ಡರಿನೊಳಗೆ ಇಟ್ಟರು. ಹತ್ತು ವರ್ಷ ಆ ಮಗುವಿನ ಕೈಹಿಡಿದು ದಿನಾ ಅದೇ ಶಾಲೆಯ ಗೇಟಿನೊಳಗೆ ಹೋದವರು ಅವರು. ಸೀಟು ಹೋದದ್ದಕ್ಕಿಂತ ದೊಡ್ಡದೇನೋ ನಮ್ಮ ಮನೆಯ ಮೇಜಿನ ಮೇಲೆ ಹೋಗಿತ್ತು. ಆ ಪ್ರಿಂಟ್ ತೆಗೆಸಿದವನು ನಾನು. ಪ್ರಿಂಟ್ ಕೇಳದೆ ಸಿಗುತ್ತೆ ಎಂದುಬಿಟ್ಟಿದ್ದರೆ ಆ ಹೆಂಗಸು ಇನ್ನೂ ಮೂರು ವಾರ ಸಂತೋಷವಾಗಿರುತ್ತಿದ್ದರು ಎಂದು ಈಗಲೂ ಅನಿಸುತ್ತದೆ.

"ಈಗ ಹೇಗೆ ಸಾರ್? ಸಿಗುತ್ತಾ?" ಎಂದು ಕೇಳಿದರು.

"ಸಿಗಲ್ಲ ಮೇಡಂ" ಎಂದೆ. ನಂಬರನ್ನು ಮೆತ್ತಗೆ ಹೇಳಲು ಅವತ್ತು ನಿಜವಾಗಿ ಪ್ರಯತ್ನಪಟ್ಟೆ, ಬರಲಿಲ್ಲ.

ಮಗಳು ಬೇಡವೆಂದರೂ ಅವರು ಮರುದಿನ ಮಲ್ಲೇಶ್ವರಕ್ಕೆ ಹೋದರು. ಎರಡು ಗಂಟೆ ಸಾಲಿನಲ್ಲಿ ನಿಂತರಂತೆ. ಅಲ್ಲಿದ್ದವರು ಸಮಾಧಾನವಾಗಿಯೇ ಮಾತಾಡಿದರು, ಆದರೆ ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಈಗ ಕೊಡಲು ಬರುವುದಿಲ್ಲ, ತಿದ್ದುಪಡಿಯ ದಿನಗಳು ಮುಗಿದುಹೋಗಿವೆ ಎಂದರು. ನಿಯಮ ಹಾಗೇ ಇದೆ, ನನಗೂ ಗೊತ್ತಿತ್ತು. ಮುಂದಿನ ವಾರ ತಾಯಿ ಮಗಳು ಮತ್ತೆ ಬಂದರು. ಬೇರೆ ಕಾಲೇಜುಗಳ ಪಟ್ಟಿ ಮಾಡಿಕೊಟ್ಟೆ. ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ಈ ಪೆನ್ ತಗೊ, ಆ ಹಾಳೆ ಕೊಡಮ್ಮ, ಅಷ್ಟೇ. ಬೈದುಕೊಂಡಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಮೊದಲ ಸುತ್ತಿನ ಸೀಟು ಹಂಚಿಕೆಯ ಫಲಿತಾಂಶ ಒಂದು ಶನಿವಾರ ಬೆಳಗ್ಗೆ ಬಂತು. ತನ್ಮಯಿಗೆ ಮೈಸೂರು ರಸ್ತೆಯಾಚೆಯ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತ್ತು. ನೋಡಬಾರದು ಎಂದುಕೊಂಡೇ ಆ ಹಳೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಕಟಾಫ್ ತೆಗೆದು ನೋಡಿದೆ. ಕನ್ನಡ ಮಾಧ್ಯಮದ ಸೀಟು ನಾಲ್ಕು ಸಾವಿರದ ಒಂಬೈನೂರ ಎಂಬತ್ತಕ್ಕೆ ನಿಂತಿತ್ತು. ಅಂಚಿನಲ್ಲೂ ಅಲ್ಲ, ಆರಾಮಾಗಿ ಸಿಗುತ್ತಿತ್ತು.

ಅರ್ಧ ಗಂಟೆಯಲ್ಲಿ ಹುಡುಗಿಯೇ ಫೋನ್ ಮಾಡಿದಳು. ಅವಳೂ ನೋಡಿದ್ದಳು. "ತಾತ, ಅಮ್ಮ ಕೇಳಿದ್ರೆ ಕನ್ನಡ ಮೀಡಿಯಮ್ ಕೋಟಾದಲ್ಲೂ ಸಿಗ್ತಿರ್ಲಿಲ್ಲ ಅಂತ ಹೇಳಿ. ಅವರಿಗೆ ಆ ಪಿಡಿಎಫ್ ಎಲ್ಲಾ ತೆಗೆಯೋಕೆ ಬರಲ್ಲ. ನೀವು ಹೇಳಿದ್ರೆ ನಂಬ್ತಾರೆ."

ನಂಬರಿನ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಹೇಳಿದವನಲ್ಲ. ನನ್ನ ಸ್ವಂತ ಮಗನ ರ್‍ಯಾಂಕಿಗೇ ಸಿಗಲ್ಲ ಎಂದವನು. ಆಯ್ತಮ್ಮ ಎಂದೆ.

ಮಧ್ಯಾಹ್ನ ಸಂಗೀತಾ ಮೇಡಂ ಫೋನ್ ಬಂತು. ಯಾವ ದಾಖಲೆ ತೆಗೆದುಕೊಂಡು ಹೋಗಬೇಕು, ಎಷ್ಟು ದಿನದೊಳಗೆ ಸೇರಬೇಕು, ಹಾಸ್ಟೆಲ್ ಬೇಕಾಗುತ್ತದೋ ಬಸ್ ಇದೆಯೋ ಎಂದು ಕೇಳಿದರು. ಒಂದೊಂದಕ್ಕೂ ಉತ್ತರ ಕೊಡುತ್ತ ಆ ಪ್ರಶ್ನೆಗಾಗಿ ಕಾದೆ. ಅವರು ಕೇಳಲಿಲ್ಲ. ಇಡ್ತೀನಿ ಸಾರ್ ಎಂದುಬಿಟ್ಟರು. ಒಪ್ಪಿಕೊಂಡ ಕೆಲಸ ಬಾಕಿ ಉಳಿಯಿತಲ್ಲ ಎಂದು ನನಗೆ ಗಡಿಬಿಡಿಯಾಯಿತು.

"ಅಂದ ಹಾಗೆ ಮೇಡಂ, ಈ ಸಲ ಕನ್ನಡ ಮಾಧ್ಯಮದ್ದೂ ತುಂಬಾ ಬಿಗಿಯಾಯ್ತು. ನಾಲ್ಕು ಸಾವಿರಕ್ಕೇ ನಿಂತುಹೋಗಿದೆ. ಅದರಲ್ಲಿ ಹಾಕಿದ್ರೂ ಅವಳಿಗೆ ಸಿಗ್ತಿರ್ಲಿಲ್ಲ."

ಆ ಕಡೆ ಎಲ್ಲೋ ಕುಕ್ಕರ್ ಕೂಗಿತು.

"ಇಪ್ಪತ್ತೊಂದು ವರ್ಷದಿಂದ ಪಾಠ ಮಾಡ್ತಿದ್ದೀನಿ ಸಾರ್" ಎಂದರು. "ಯಾರೋ ಹೇಳ್ಕೊಟ್ಟಿದ್ದನ್ನ ಒಪ್ಪಿಸ್ತಿದ್ರೆ ಗೊತ್ತಾಗುತ್ತೆ."

ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ.

"ಅವಳು ಕೇಳ್ತಾಳೆ. ನಾನು ನಂಬಿದೆ ಅಂತ ಹೇಳ್ಬಿಡಿ."

ಅವರು ಅಂದ ಹಾಗೆಯೇ ಸಂಜೆ ಹುಡುಗಿ ಫೋನ್ ಮಾಡಿದಳು. ನಂಬಿದರಮ್ಮ ಎಂದೆ. ನಿಜವಾಗ್ಲೂ ನಂಬಿದ್ರಾ ತಾತ ಎಂದು ಕೇಳಿದಳು. ಹೂಂ ಎಂದೆ. ಥ್ಯಾಂಕ್ಸ್ ಎಂದವಳು ಫೋನ್ ಇಡದೆ ಅಳತೊಡಗಿದಳು. ನಾನೂ ಇಡಲಿಲ್ಲ.