ಮೂವತ್ತೆರಡರ ಅಚ್ಚು

"ನಾರ್ವಲ್ಲೂ ನಾನೂ ಸೇರಿ ಹೊಯ್ದ ಗುಂಡುಗಳನ್ನ ಸಾಲಾಗಿ ಜೋಡಿಸಿದ್ರೆ ಇಲ್ಲಿಂದ ಚಂದ್ರನ ತನಕ ಹೋಗಿ, ಅಲ್ಲೊಂದು ಸುತ್ತು ಹಾಕಿ, ವಾಪಸ್ ಬರಬಹುದು. ಆಮೇಲೂ ಐವತ್ತು ಉಳೀತವೆ," ಎಂದು ಡೆಲ್ಮರ್ ಸ್ಕಾಗ್ ಹೇಳಿದ್ದು ಶವಪೆಟ್ಟಿಗೆಯ ಹಿಡಿಯನ್ನು ಹಿಡಿದುಕೊಂಡು ಚರ್ಚಿನ ಮೆಟ್ಟಿಲು ಇಳಿಯುತ್ತಿರುವಾಗ.

ಪೆಟ್ಟಿಗೆಯ ಆಚೆ ಬದಿಯನ್ನು ಹಿಡಿದಿದ್ದ ವೆಂಡೆಲ್ ತಲೆ ಎತ್ತಲಿಲ್ಲ. "ಮೆಟ್ಟಿಲು ನೋಡ್ಕೊಂಡು ಇಳಿ ಮಾರಾಯ. ನಿನ್ನನ್ನೂ ಸೇರಿಸಿ ಹೂಳೋವಷ್ಟು ಅಗಲದ ಗುಂಡಿ ತೋಡ್ಸಿಲ್ಲ," ಎಂದ.

ಡೆಲ್ಮರ್ ಇಳಿದ. ಆದರೆ ಬಾಯಿ ನಿಲ್ಲಲಿಲ್ಲ. ಪೆಟ್ಟಿಗೆ ಹೊತ್ತವರು ಆರು ಜನ, ಭಾರ ಪೂರ್ತಿ ತನ್ನೊಬ್ಬನ ಭುಜದ ಮೇಲೆ ಎಂದು ಅವನಿಗೆ ಅನಿಸಿತ್ತು. ಸ್ಮಶಾನ ಮುಟ್ಟುವ ಹೊತ್ತಿಗೆ ಅದನ್ನು ಇಬ್ಬರಿಗೆ ಹೇಳಿಯೂ ಆಗಿತ್ತು. ಉತ್ತರ ಮೊಂಟಾನಾದ ಏಪ್ರಿಲ್ ಗಾಳಿ ಬೇರೆ. ಒಂದು ಹಸುವಿನ ಮೈಮೇಲಿನ ಮಚ್ಚೆ ಕಿತ್ತು ಪಕ್ಕದ ಹಸುವಿಗೆ ಅಂಟಿಸುವಂಥ ಗಾಳಿ. ಪಾದ್ರಿಯಮ್ಮನ ಪ್ರಾರ್ಥನೆಯಲ್ಲಿ ಅರ್ಧ ಮಾತ್ರ ಗೋರಿಯ ಹತ್ತಿರ ನಿಂತವರಿಗೆ ಕೇಳಿಸಿತು. ಉಳಿದರ್ಧ ಗಡಿ ದಾಟಿ ಕೆನಡಾಕ್ಕೆ ಹೋಯಿತು.

ಅವಳು ಹೇಳಿದ್ದೂ ಹೆಚ್ಚೇನಿಲ್ಲ. ನಾರ್ವಲ್ ಹೌಗೆನ್ ಮೂವತ್ತೆಂಟು ವರ್ಷ ಗೋಧಿ ಗೋದಾಮಿನ ಬಾಗಿಲಲ್ಲಿ ಕೂತು ಲಾರಿ ತೂಗಿದ. ಹೆಂಡತಿಯನ್ನು ಮಣ್ಣು ಮಾಡಿದ, ಮಗಳನ್ನು ಬೆಳೆಸಿದ. ಶನಿವಾರ ಬೆಳಿಗ್ಗೆ ಶೆಡ್ಡಿನಲ್ಲಿ ಸೀಸ ಕರಗಿಸಿ ತನ್ನ ಪಿಸ್ತೂಲಿಗೆ ಗುಂಡು ಹೊಯ್ದುಕೊಂಡ. ನಾಲ್ಕು ನಿಮಿಷದಲ್ಲಿ ಎಪ್ಪತ್ತೊಂಬತ್ತು ವರ್ಷ ಮುಗಿದುಹೋಗಿತ್ತು. ಡೆಲ್ಮರನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಟೋಪಿಯನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸುತ್ತ ನಿಂತ.

ಮಣ್ಣು ಹಾಕಿ ಹಿಂದಿರುಗುವಾಗ ನಾರ್ವಲ್‌ನ ಮಗಳು ರೋಂಡಾ ಅವನ ತೋಳು ಹಿಡಿದಳು.

"ಡೆಲ್ಮರ್ ಅಂಕಲ್, ಅಪ್ಪನ ಪಿಸ್ತೂಲು ನಾನಿಟ್ಕೊಂಡಿದೀನಿ. ಮೇ ತಿಂಗಳ ಪಂದ್ಯದಲ್ಲಿ ಅವರ ಜಾಗದಲ್ಲಿ ನಾನೇ ನಿಂತ್ಕೋಬೇಕು ಅಂತಿದೀನಿ. ಅಂಗಡಿ ಗುಂಡು ಬೇಡ. ಅವರು ಹೊಯ್ತಿದ್ದಂಥದ್ದೇ ಬೇಕು."

"ಹೊಯ್ದಿಟ್ಟದ್ದು ಒಂದೂ ಉಳಿದಿಲ್ವಾ?"

"ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಕೊನೇ ಡಬ್ಬಿ ಮುಗಿಸ್ಬಿಟ್ರು. ಅಚ್ಚು ಏಳಿವೆ. ಮೂರರ ಮೇಲೆ ಮೂವತ್ತೆರಡು ಅಂತ ಪಿಸ್ತೂಲಿನ ಅಳತೆ ಕೊರೆದಿದೆ. ಅದರಲ್ಲಿ ಯಾವುದು ಅಂತ ನಂಗೊತ್ತಿಲ್ಲ. ಕ್ಲಬ್ಬಿನವರು ಇವತ್ತೇ ಹಂಚ್ಕೋತಾರೆ, ತಪ್ಪಿದ್ರೆ ಹೋಯ್ತು. ನೀವು ತೋರಿಸಿ."

"ಕಣ್ಣು ಮುಚ್ಕೊಂಡು ತೋರಿಸ್ತೀನಿ," ಎಂದ ಡೆಲ್ಮರ್.



*

ನಾರ್ವಲ್‌ನ ಶೆಡ್ಡಿನಲ್ಲಿ ಒಂದು ಹಳೆಯ ಬಸ್ಸಿನ ಸೀಟಿತ್ತು. ಅದು ಡೆಲ್ಮರನ ಜಾಗ. ನಾರ್ವಲ್ ಬೆನ್ನು ಹಾಕಿಕೊಂಡು ಒಲೆಯ ಮುಂದೆ ನಿಂತಿರುತ್ತಿದ್ದ. ಸೌಟಿನಲ್ಲಿ ಸೀಸ ಎತ್ತುವುದು, ಅಚ್ಚಿಗೆ ಹುಯ್ಯುವುದು, ಎಣಿಸುವುದು, ತಟ್ಟುವುದು. ಚಿಂದಿಬಟ್ಟೆಯ ಮೇಲೆ ಗುಂಡು ಮೆತ್ತಗೆ ಬೀಳುವುದು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಸುಕ್ಕು ಕಂಡರೆ ತಿರುಗಿ ಒಲೆಗೇ ಹಾಕುತ್ತಿದ್ದ. ಹೊಳೆ ದಾಟಿ ಬಂದ ಕರಡಿಯ ಕತೆ, ಕರಡಿಗೇ ಲಿಫ್ಟ್ ಕೊಟ್ಟ ಕತೆ, ರಾಜ್ಯಪಾಲರ ಟೋಪಿಗೆ ಗುರಿಯಿಟ್ಟ ಕತೆ, ಹೀಗೆ ಡೆಲ್ಮರನ ಕತೆಗಳು ಕಾಫಿ ತಣ್ಣಗಾದರೂ ಮುಗಿಯುತ್ತಿರಲಿಲ್ಲ.

ಒಂದು ಸಲ ಗಂಟಲು ಕಟ್ಟಿ ಡೆಲ್ಮರ್ ಸುಮ್ಮನೆ ಕೂತ. ನಾಲ್ಕು ಸಲ ಹುಯ್ದ ಮೇಲೆ ನಾರ್ವಲ್ ಕೈ ನಿಲ್ಲಿಸಿದ.

"ಮಾತಾಡೋ. ನಿನ್ನ ಮಾತಿನ ಓಟಕ್ಕೆ ನನ್ನ ಕೈ ಓಡುತ್ತೆ. ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ, ಅಚ್ಚು ತಣ್ಣಗಾಗುತ್ತೆ."

ಡೆಲ್ಮರ್ ಮತ್ತೆ ಶುರು ಮಾಡಿದ. ನಲವತ್ತು ವರ್ಷದ ಶನಿವಾರಗಳಲ್ಲಿ ಒಂದು ದಿನವೂ ಎದ್ದು ಹೋಗಿ ಆ ಕೈಯಲ್ಲಿ ಏನಿದೆ ಎಂದು ನೋಡಿರಲಿಲ್ಲ. ಹೊರಡುವಾಗ ನಾರ್ವಲ್ ಐವತ್ತು ಗುಂಡಿನ ಡಬ್ಬಿಯೊಂದನ್ನು ಅವನ ಜೇಬಿಗೆ ಇಳಿಬಿಡುತ್ತಿದ್ದ. ಊರಿನಲ್ಲಿ ಡೆಲ್ಮರ್ ಅದನ್ನು "ನಾವು ಹೊಯ್ದದ್ದು" ಎನ್ನುತ್ತಿದ್ದ. ವರ್ಷಗಳು ಕಳೆದಂತೆ "ನಾವು" ಎಂಬುದು "ನಾನು" ಆದದ್ದು ಯಾವಾಗ ಎಂಬುದು ಅವನಿಗೇ ತಿಳಿಯದು.

*

ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಬನ್ನು, ಕ್ಯಾರೆಟ್ ತುರಿದು ಹಾಕಿದ ಕಿತ್ತಳೆ ಬಣ್ಣದ ಜೆಲ್ಲಿ, ಒಂದು ದಂಡಿಗಾಗುವಷ್ಟು ಕಾಫಿ. ಡೆಲ್ಮರ್ ಐದು ಲೋಟ ಕುಡಿದ. ಎರಡು ಸಲ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದ, ಎರಡು ಸಲವೂ ಇಳಿದು ಬಂದ.

ಗೋಡೆಯ ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸಿ ಏಳು ಅಚ್ಚುಗಳನ್ನು ಇಟ್ಟಿದ್ದರು. ಪಿಸ್ತೂಲು ಕ್ಲಬ್ಬಿನ ಸದಸ್ಯ ಸತ್ತರೆ ನಡೆಯುವ ಪದ್ಧತಿ ಇದು. ಮೊದಲು ಮನೆಯವರು ಒಂದನ್ನು ಆರಿಸಿಕೊಳ್ಳಬೇಕು. ಆಮೇಲೆ ಹಿರಿತನದ ಪ್ರಕಾರ ಕ್ಲಬ್ಬಿನವರು ಒಬ್ಬೊಬ್ಬರು ಒಂದೊಂದು. ಹಿಂದೆ ಯಾರೋ ಪುಣ್ಯಾತ್ಮ ಒಬ್ಬ ವಿಧವೆಯ ದಾರಿ ತಪ್ಪಿಸಿ ಒಳ್ಳೆಯ ಅಚ್ಚನ್ನು ತಾನು ಹೊಡೆದುಕೊಂಡಿದ್ದನಂತೆ. ಅಂದಿನಿಂದ, ಮನೆಯವರು ಆರಿಸುವಾಗ ಕ್ಲಬ್ಬಿನವರು ಯಾರೂ ಬಾಯಿ ಬಿಡಕೂಡದು. ಮನೆಯವರು ಬೇಕಾದರೆ ಒಬ್ಬನನ್ನು ಕೇಳಬಹುದು, ಒಬ್ಬನನ್ನೇ.

"ನಾನು ಡೆಲ್ಮರ್ ಅಂಕಲ್‌ನ ಕೇಳ್ತೀನಿ," ಎಂದಳು ರೋಂಡಾ.

ಕ್ಲಬ್ಬಿನ ಉಳಿದ ಐವರು ಟೋಪಿ ತೆಗೆದು, ಬಾಯಿ ಮುಚ್ಚಿ ನಿಂತರು.

ಡೆಲ್ಮರ್ ಮೇಜಿನ ಸುತ್ತ ಒಂದು ಸುತ್ತು ಬಂದ. ಮೂವತ್ತೆರಡು ಎಂದು ಕೊರೆದ ಮೂರನ್ನು ರೋಂಡಾ ಮುಂದೆ ಸರಿಸಿಟ್ಟಿದ್ದಳು. ಒಂದು ಉದ್ದ ಮೂತಿಯ ಗುಂಡಿನದು. ಒಂದು ಆರು ಕುಳಿಯದು, ಕನ್ನಡಿಯ ಹಾಗೆ ಫಳಫಳ. ಇನ್ನೊಂದು ಎರಡೇ ಕುಳಿಯ ಕಬ್ಬಿಣದ್ದು. ಹಿಡಿಯ ಮರ ಸವೆದು ಬೆರಳಿನ ಅಚ್ಚೊತ್ತಿತ್ತು, ತೆರೆದರೆ ಒಳಗೆಲ್ಲ ಕಪ್ಪು.

ರೋಂಡಾಳ ಕಣ್ಣು ಅವನ ಮುಖ ಬಿಟ್ಟು ಕದಲಲಿಲ್ಲ.

"ಇದು ನೋಡು," ಎಂದು ಫಳಫಳ ಹೊಳೆಯುವುದನ್ನು ಎತ್ತಿ ಅವಳ ಕೈಗಿಟ್ಟ. "ಇದೇ. ಇದನ್ನ ನಾನು ಎಷ್ಟು ಸಲ ಹಿಡಿದಿಲ್ಲ." ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಡೆಲ್ಮರ್ ಅಷ್ಟಕ್ಕೇ ಸುಮ್ಮನಿದ್ದದ್ದು ಹುಟ್ಟಿದಾರಭ್ಯ ಇಲ್ಲ. ಕಪ್ಪು ಅಚ್ಚನ್ನು ಬೆರಳ ತುದಿಯಿಂದ ಆಚೆ ತಳ್ಳಿ, "ಇದು ಒಳಗೆಲ್ಲ ಸುಟ್ಟು ಹಾಳಾಗಿದೆ. ಗುಜರಿಗೆ," ಎಂದ.

ಐವರಲ್ಲಿ ಒಬ್ಬ ಕಾಫಿ ನೆತ್ತಿಗೇರಿ ಕೆಮ್ಮಿದ. ಇನ್ನೊಬ್ಬ ಟೋಪಿಯೊಳಗೆ ಏನೋ ಬರೆದಿದೆಯೆಂಬಂತೆ ಅದನ್ನೇ ನೋಡತೊಡಗಿದ. ಏನು ತಪ್ಪಾಯಿತೋ ಡೆಲ್ಮರನಿಗೆ ತಿಳಿಯಲಿಲ್ಲ. ಆದರೆ ತಪ್ಪಾಯಿತೆಂಬುದು ತಿಳಿಯಿತು.

ರೋಂಡಾ ಅಚ್ಚನ್ನು ಶಾಲಿನಲ್ಲಿ ಸುತ್ತಿಕೊಂಡಳು. ಮುಂದಿನ ಸರದಿ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಿರಿಯನಾದ ವೆಂಡೆಲನದು. ಅವನು ಮೇಜಿನ ಹತ್ತಿರ ಬಂದು ಕಪ್ಪು ಅಚ್ಚಿನ ಮೇಲೆ ಕೈ ಚಾಚಿದ. ಎತ್ತಲಿಲ್ಲ. ಒಂದು ಗೇಣು ಮೇಲೆ ಕೈ ನಿಲ್ಲಿಸಿ, ಡೆಲ್ಮರನ ಮುಖ ನೋಡುತ್ತ ನಿಂತ.

*

ಆ ಹೊಳೆಯುವ ಅಚ್ಚು ಬಂದ ಚಳಿಗಾಲ ಡೆಲ್ಮರನಿಗೆ ಈಗ ನೆನಪಾಯಿತು. ಈಗ ರೋಂಡಾಳ ಹತ್ತಿರ ಇರುವ ಪಿಸ್ತೂಲನ್ನು ನಾರ್ವಲ್ ಆಗಷ್ಟೇ ಹೊಸದಾಗಿ ತಂದಿದ್ದ. ಮೆದು ಸೀಸದ ಉಂಡೆಯೊಂದನ್ನು ನಳಿಕೆಯೊಳಗೆ ತೂರಿಸಿ ಆಚೆಯಿಂದ ತೆಗೆದು, ಅಳೆದು, ಕಾಗದದಲ್ಲಿ ಬರೆದಿಟ್ಟಿದ್ದ. ನಳಿಕೆಗಿಂತ ಗುಂಡು ಕೂದಲೆಳೆಯಷ್ಟು ದಪ್ಪವಿರಬೇಕು, ಅದಕ್ಕೆ ತಕ್ಕ ಅಚ್ಚು ಸಿಗುತ್ತಿಲ್ಲ ಎಂದು ಮೂರು ತಿಂಗಳಿನಿಂದ ಹುಡುಕುತ್ತಿದ್ದ.

"ಮೂರು ತಿಂಗಳು ಯಾವ ಗಂಡಸೂ ಹೆಂಡತಿಯನ್ನೂ ಹುಡುಕಲ್ಲ," ಎಂದು ಬಸ್ಸಿನ ಸೀಟಿನಿಂದ ಡೆಲ್ಮರ್ ಮಾರಾಟದ ಅಚ್ಚುಗಳ ಪಟ್ಟಿಯ ಪುಸ್ತಕದ ಮೇಲೆ ಬೆರಳಿಟ್ಟಿದ್ದ. "ಇದು ತಗೋ. ಆರು ಕುಳಿ. ಒಂದೇಟಿಗೆ ಆರು."

ನಾರ್ವಲ್ ಅದನ್ನೇ ತರಿಸಿದ. ಮುಂದಿನ ಭಾನುವಾರ ಇಬ್ಬರೂ ಗುರಿಗೆ ಹೊಡೆದರು. ನಾರ್ವಲ್‌ನ ಗುರಿಕಾಗದದ ಮೇಲೆ ತೂತುಗಳು ದುಂಡಗಿರಲಿಲ್ಲ. ಬೀಗದ ಕೈ ತೂರಿಸುವ ಕಂಡಿಯ ಹಾಗಿದ್ದವು. ಗುಂಡು ತೆಳ್ಳಗಾಗಿ ನಳಿಕೆಯಲ್ಲಿ ಹಿಡಿತ ಸಿಗದೆ ಅಡ್ಡಡ್ಡ ಹಾರಿತ್ತು. ಇದೇನೋ ವಿಚಿತ್ರ ಎಂದು ಡೆಲ್ಮರ್ ನಕ್ಕ. ನಾರ್ವಲ್ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. "ಗಾಳಿ," ಎಂದ.

ಅಂದು ಗಾಳಿ ಇರಲಿಲ್ಲ.

*

"ವೆಂಡೆಲ್, ಎತ್ತಬೇಡ," ಎಂದ ಡೆಲ್ಮರ್. "ರೋಂಡಾ, ಅದನ್ನ ವಾಪಸ್ ಇಡಮ್ಮ. ಅದು ಅಲ್ಲ."

ಅವಳು ಶಾಲನ್ನು ಬಿಚ್ಚಿದಳು. "ಹಾಗಾದ್ರೆ ಯಾವುದು?"

"ನಂಗೊತ್ತಿಲ್ಲ."

"ಅಂಕಲ್, ತಮಾಷೆ ಬೇಡ. ಇವತ್ತು ಬೇಡ."

"ತಮಾಷೆ ಅಲ್ಲ ಕಣೇ. ನಾನು ಒಂದು ಗುಂಡೂ ಹೊಯ್ದವನಲ್ಲ. ಒಂದೂ. ಸೌಟು ಮುಟ್ಟಿಲ್ಲ. ಎಂಬತ್ತೇಳರ ಪಂದ್ಯದಲ್ಲಿ ನಾನು ಗೆದ್ದ ಬಹುಮಾನದ ಬಟ್ಟಲು, ಅದೂ ನಿಮ್ಮಪ್ಪ ಕೊಟ್ಟ ಡಬ್ಬಿಯಿಂದ ಹೊಡೆದದ್ದು. ಇವರಿಗೆಲ್ಲ ಗೊತ್ತಿತ್ತು ಅಂತ ನನಗೆ ಈಗ ಗೊತ್ತಾಗ್ತಿದೆ."

ಯಾರೂ ಅಲ್ಲಗಳೆಯಲಿಲ್ಲ. ರೋಂಡಾ ಬೆಳಗಿನಿಂದ ತಡೆದುಕೊಂಡ ಅಳು ಈಗ ಒಡೆಯಬಹುದು ಎನಿಸಿತು. ಒಡೆಯಲಿಲ್ಲ.

"ಮತ್ತೆ ನಲವತ್ತು ವರ್ಷ ಶೆಡ್ಡಲ್ಲಿ ಏನು ಮಾಡ್ತಿದ್ರಿ?"

"ಮಾತಾಡ್ತಿದ್ದೆ."

ಅವಳು ಹೊಳೆಯುವ ಅಚ್ಚನ್ನು ಮೇಜಿನ ಮೇಲೆ ವಾಪಸ್ ಇಟ್ಟಳು.

"ನನ್ನ ಬದಲು ವೆಂಡೆಲ್‌ನ ಕೇಳು," ಎಂದ ಡೆಲ್ಮರ್. "ನೀನು ಕೇಳಬಹುದಾದ ಆ ಒಬ್ಬ ನಾನಾಗಿದ್ದೆ. ಆ ಜಾಗ ಬಿಟ್ಟುಕೊಟ್ಟಿದ್ದೀನಿ."

ಕ್ಲಬ್ಬಿನ ನಿಯಮದಲ್ಲಿ ಹಾಗೆ ಬಿಟ್ಟುಕೊಡಲು ಅವಕಾಶವಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಲೂ ಇಲ್ಲ. ವೆಂಡೆಲ್ ಕಪ್ಪು ಅಚ್ಚನ್ನು ಎತ್ತಿ ಎರಡು ಹೋಳುಗಳನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟ.

"ಸುಟ್ಟಿದ್ದಲ್ಲಮ್ಮ. ಮೇಣದಬತ್ತಿ ಹೊಗೆ. ಗುಂಡು ಒಳಗೆ ಅಂಟ್ಕೊಳ್ಳದೆ ಸಲೀಸಾಗಿ ಬೀಳ್ಲಿ ಅಂತ ಬೇಕಂತಲೇ ಹಿಡಿಸೋದು. ನಿಮ್ಮಪ್ಪ ಪ್ರತಿ ಶನಿವಾರ ಹಿಡಿಸ್ತಿದ್ದ. ಅಳಿಸಬೇಡ."

ರೋಂಡಾ ಕುಳಿಯೊಳಗೆ ಹೆಬ್ಬೆರಳು ಒತ್ತಿ ನೋಡಿದಳು. ಕಾಡಿಗೆ ಅಂಟಿತು. ಆಮೇಲೆ ಡೆಲ್ಮರನ ಹತ್ತಿರ ಬಂದು, ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿ, ಬಿಟ್ಟು, ಮೇಜಿನ ಕಡೆ ಹೋದಳು.

ಸರದಿ ಮುಂದುವರಿಯಿತು. ಯಾರೋ ಕುರ್ಚಿಯಲ್ಲಿ ಕೂತಿದ್ದ ಡೆಲ್ಮರನಿಗೆ ಆರನೆಯ ಲೋಟ ಕಾಫಿ ತಂದುಕೊಟ್ಟರು. ಅವನು ಎಡಗೈಯಲ್ಲಿ ತೆಗೆದುಕೊಂಡ. ಬಲಗೈಯನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡಿದ್ದ; ಅಂಗೈಯ ನಡುವೆ ಒಂದು ಹೆಬ್ಬೆರಳಿನಷ್ಟು ಅಗಲದ ಕಪ್ಪು. ಕಾಗದದ ಕರವಸ್ತ್ರ ಪಕ್ಕದಲ್ಲೇ ಇತ್ತು. ಅವನು ಮುಟ್ಟಲಿಲ್ಲ.