ಆರೂವರೆಯ ಪಟ್ಟಿ

"ಮೇಡಂ, ನಮ್ಮ ಪಟ್ಟಿ ಬರ್ತಿಲ್ಲ," ಎಂದ ಉಗ್ರಾಣದವನು. ಹಾಗೆಂದವನು ಬಾಗಿಲಲ್ಲೇ ನಿಂತ. ಒಳಗೆ ಬನ್ನಿ ಎಂದು ಯಾರೂ ಕರೆದು ಅಭ್ಯಾಸವಿಲ್ಲದ ನಿಲುವು ಅದು.

ಅವಳು ತಲೆ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪರ್ಮಿಷನ್ ಮೇಡಂ ಎನ್ನುತ್ತಿದ್ದರು. ದಿನಾ ಬೆಳಗ್ಗೆ ಆರೂವರೆಗೆ ಸರ್ವರ್ ತಾನಾಗಿಯೇ ವರದಿಗಳನ್ನು ತಯಾರಿಸಿ ಹಂಚುತ್ತಿತ್ತು. ಯಾವುದು ಯಾರಿಗೆ ಹೋಗಬೇಕೆಂಬ ಅನುಮತಿ ಕೊಡುವುದೂ ಕಿತ್ತುಕೊಳ್ಳುವುದೂ ಅವಳ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿ ಅವಳಿಗೆ ಮನುಷ್ಯರ ಬಗ್ಗೆ ಒಂದೇ ಒಂದು ಅಭಿಪ್ರಾಯ ಉಳಿದಿತ್ತು: ಎಲ್ಲರಿಗೂ ಬೇಕು, ಒಬ್ಬರೂ ಓದುವುದಿಲ್ಲ.

ನಿರ್ದೇಶಕರಿಗೆ ನಲವತ್ತು ವರದಿ ಹೋಗುತ್ತಿತ್ತು, ಉಪನಿರ್ದೇಶಕನಿಗೆ ಮೂವತ್ತೆಂಟು. ಆತ ಒಂದು ದಿನ ಹಲ್ಲು ಕಿರಿಯುತ್ತ ಬಂದು, ಬಟ್ಟೆ ಒಗೆಯುವ ಯಂತ್ರದ್ದೊಂದು, ಅಡುಗೆಮನೆಯ ಗ್ಯಾಸಿನದೊಂದು ಸೇರಿಸಿಕೊಂಡು ಲೆಕ್ಕ ಸರಿಮಾಡಿಕೊಂಡ. ಮರುದಿನವೇ ದೊಡ್ಡವರ ಫೋನು. "ನಂಗೆ ಇನ್ನೊಂದು ಹಾಕಮ್ಮ."

"ಯಾವುದು ಸಾರ್?"

"ಯಾವುದಾದ್ರೂ ಸರಿ."

ಲಿಫ್ಟಿಗೆ ಎಣ್ಣೆ ಹಾಕಿದ ವರದಿಯನ್ನು ಹಾಕಿಕೊಟ್ಟಳು. ನಲವತ್ತೊಂದಾಯಿತು, ಅವರ ಜೀವಕ್ಕೆ ಸಮಾಧಾನವಾಯಿತು. ಕಳೆದ ತಿಂಗಳು ಪರೀಕ್ಷೆ ಮಾಡೋಣವೆಂದು ಅವರ ಒಂದು ವರದಿಯಲ್ಲಿ ಅಂಕಿಯ ಕಾಲಂಗಳನ್ನೆಲ್ಲ ಖಾಲಿ ಬಿಟ್ಟು ಕಳಿಸಿದಳು. ಮೂರು ವಾರ ಖಾಲಿಯೇ ಹೋಯಿತು. ಮೀಟಿಂಗಿನಲ್ಲಿ ಅದೇ ವರದಿಯ ಹೆಸರು ಹೇಳಿ, "ಇದನ್ನ ನಾನು ದಿನಾ ನೋಡ್ತೀನಿ!" ಎಂದು ಮೇಜು ಕುಟ್ಟಿದರು ಮಹಾನುಭಾವರು. ಅವಳು ಕೆಮ್ಮಿ ನಗು ನುಂಗಿದಳು.

ಹೀಗಾಗಿ, ಸರ್ವರ್ ಏದುಸಿರು ಬಿಡುತ್ತಿದೆ, ಭಾರ ಇಳಿಸಿ ಎಂದು ಆದೇಶ ಬಂದಾಗ ಅವಳು ಖುಷಿಯಿಂದಲೇ ಕತ್ತರಿ ಹಿಡಿದಳು. ಶನಿವಾರ ಸಂಜೆ ಇನ್ನೂರಕ್ಕೂ ಹೆಚ್ಚು ವರದಿ ನಿಲ್ಲಿಸಿದಳು. ನಿವೃತ್ತರಾದವರ ಹೆಸರುಗಳನ್ನೂ ಅಳಿಸಿದಳು. ಬೊಬ್ಬೆ ಹೊಡೆದವರಿಗೆ ಮರಳಿ ಕೊಡುವುದು, ಸುಮ್ಮನಿದ್ದವರದ್ದನ್ನು ಮರೆತುಬಿಡುವುದು ಅವಳ ಪದ್ಧತಿ. ಬೊಬ್ಬೆ ಹೊಡೆದವರು ಇಬ್ಬರೇ. ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ಯಾವ ಪಟ್ಟಿ?" ಎಂದಳು ಈಗ.

"ಅವಧಿ ಮುಗಿಯೋ ಔಷಧಿಗಳದ್ದು ಮೇಡಂ. ನಮ್ಮ ಪ್ರಿಂಟರಲ್ಲಿ ತಾನೇ ಬರ್ತಿತ್ತು. ಅದು ನೋಡ್ಕೊಂಡು ಹಳೇವನ್ನ ಎತ್ತಿಟ್ಟು, ಆಮೇಲೆ ವಾರ್ಡಿಗೆ ಕೊಡೋದು ನಾನು. ಭಾನುವಾರದಿಂದ ಇಲ್ಲ."

"ಇವತ್ತು ಬುಧವಾರ. ಈಗ ನೆನಪಾಯ್ತಾ?"

"ಸೋಮವಾರಾನೇ ಬಂದಿದ್ದೆ. ದೂರನ್ನ ಕಂಪ್ಯೂಟರಲ್ಲಿ ಹಾಕು ಅಂದ್ರು ಕೆಳಗೆ. ಹಾಕೋಕೆ ನಂಗೆ ಲಾಗಿನ್ ಇಲ್ಲ. ಗುತ್ತಿಗೆಯವನು ನೋಡಿ."

ಹುಡುಕಿದಳು. ವರದಿ ಲಾಗಿನ್ ಇರುವ ಯಾರಾದರೊಬ್ಬರ ಹೆಸರಿನಲ್ಲಿರಬೇಕು. ಆ ಹೆಸರು ಹೋದರೆ ವರದಿಯೂ ನಿಲ್ಲುತ್ತದೆ. ಈ ಪಟ್ಟಿ ಎರಡು ವರ್ಷದ ಹಿಂದೆ ನಿವೃತ್ತಳಾದ ಉಗ್ರಾಣದ ಮುಖ್ಯಸ್ಥೆಯ ಹೆಸರಿನಲ್ಲಿತ್ತು. ಶನಿವಾರ ಆ ಹೆಸರನ್ನು ಅಳಿಸಿದ್ದು ತಾನೇ.

"ಮತ್ತೆ ಈ ನಾಲ್ಕು ದಿನ ಏನು ಮಾಡಿದ್ರಿ?"

"ಒಂದೊಂದೇ ಡಬ್ಬಿ ತೆಗೆದು, ಟಾರ್ಚ್ ಬಿಟ್ಟು ತಾರೀಖು ನೋಡ್ತಿದೀನಿ. ಇನ್ನೂ ಒಂಬತ್ತು ಕಪಾಟು ಇದೆ." ಕಣ್ಣುಜ್ಜಿಕೊಂಡ. "ಅಕ್ಷರ ಬಹಳ ಸಣ್ಣದು ಮೇಡಂ."

ಅವಳು ಎದ್ದು ನೇರವಾಗಿ ಉಪನಿರ್ದೇಶಕನ ಕೋಣೆಗೆ ಹೋದಳು. "ಒಂದು ವರದಿ ನಿಮ್ಮ ಹೆಸರಿಗೆ ಹಾಕ್ಲಾ ಸಾರ್?" ಎಂದಾಗ ಆತನ ಮುಖ ಅರಳಿತು. ಯಾವುದೆಂದು ಕೇಳಿದ ಮೇಲೆ ಮುದುಡಿತು. "ಔಷಧಿದಾ? ಅಯ್ಯೋ ಬೇಡಮ್ಮ. ನಾಳೆ ಹೆಚ್ಚುಕಮ್ಮಿ ಆದ್ರೆ, ನಿಮಗೆ ಬರ್ತಿತ್ತಲ್ಲ ಅಂತ ನನ್ನ ಕುತ್ತಿಗೆಗೇ ಬರುತ್ತೆ."

ನಿರ್ದೇಶಕರು ಇನ್ನೂ ಪ್ರಾಮಾಣಿಕರು. "ಅದನ್ನ ಓದ್ಬೇಕಾಗುತ್ತಲ್ಲಮ್ಮ!" ಎಂದರು.

ಥೂ, ಇವರ ಯೋಗ್ಯತೆಗಿಷ್ಟು ಎಂದುಕೊಂಡಳು ಮೆಟ್ಟಿಲಿಳಿಯುತ್ತ. ಆದರೆ ಆ ಉಗುಳು ತನ್ನ ಮುಖಕ್ಕೂ ಸಿಡಿದಂತಾಯಿತು. ಓದದವರ ಮೇಲಿನ ಸಿಟ್ಟನ್ನೆಲ್ಲ ಓದುತ್ತಿದ್ದ ಒಬ್ಬನ ಮೇಲೆ ತೀರಿಸಿಕೊಂಡವಳು ಅವಳೇ. ಅವನು ಬೊಬ್ಬೆ ಹೊಡೆದೂ ಇದ್ದ, ಅವಳವರೆಗೆ ಅದು ಏರಿ ಬರಲಿಲ್ಲ, ಅಷ್ಟೇ. ಅನುಮತಿ ಕೊಡುವವರು ತಮಗೆ ತಾವೇ ಕೊಟ್ಟುಕೊಳ್ಳಬಾರದೆಂಬ ನಿಯಮವಿತ್ತು. ಅವಳೇ ಬರೆದದ್ದು. ತನ್ನ ಕೋಣೆಗೆ ಬಂದು, ಕುರ್ಚಿಯಲ್ಲಿ ಕೂರದೆ, ನಿಂತಲ್ಲೇ ಬಗ್ಗಿ, ಪಟ್ಟಿಯನ್ನು ತನ್ನ ಹೆಸರಿಗೆ ಹಾಕಿಕೊಂಡು ಆಗಲೇ ಕಳಿಸಿದಳು. ಆಮೇಲೆ ಬಾಗಿಲಲ್ಲೇ ಕಾಯುತ್ತಿದ್ದ ಉಗ್ರಾಣದವನ ಹಿಂದೆಯೇ ನೆಲಮಾಳಿಗೆಗೆ ಇಳಿದಳು. ಹನ್ನೊಂದು ವರ್ಷದಲ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು.

ಪ್ರಿಂಟರ್ ಎರಡು ಹಾಳೆ ಕಕ್ಕಿತು. ಅವನು ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು, ಒಂದೊಂದೇ ಸಾಲು ಕೆಳಗೆ ಸರಿಸುತ್ತ, ತನ್ನ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿದ. ಎರಡನೆಯ ಹಾಳೆಯಲ್ಲಿ ಅಡಿಪಟ್ಟಿ ನಿಂತಿತು.

"ಇದರ ಅವಧಿ ಸೋಮವಾರಕ್ಕೇ ಮುಗಿದಿದೆ," ಎಂದ. "ನಾನಿನ್ನೂ ನೋಡದ ಕಪಾಟಿಂದು. ಇವತ್ತು ಬೆಳಗ್ಗೆ ಅವಸರದಲ್ಲಿ ತಾರೀಖು ನೋಡ್ದೆ, ಮಕ್ಕಳ ವಾರ್ಡಿಗೆ ಹತ್ತು ಸೀಸೆಯ ಒಂದು ಡಬ್ಬಿ ಕೊಟ್ಟಿದೀನಿ."

ಲಿಫ್ಟಿಗೆ ಕಾಯಲಿಲ್ಲ. ಮೂರು ಮಹಡಿ ಹತ್ತುವಾಗ ಅವನ ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು. ವಾರ್ಡಿನ ಸಿಸ್ಟರ್ ಡಬ್ಬಿಯನ್ನು ಟ್ರೇಯಿಂದ ಎತ್ತಿ ಕೊಟ್ಟಳು. ಮೇಲಿನ ಸೀಲು ಹರಿದಿತ್ತು.

"ಯಾಕಣ್ಣ, ಏನಾಯ್ತು? ಹನ್ನೊಂದು ಗಂಟೆಗೆ ಅಂತ ಈಗ ತಾನೇ ಬಿಚ್ಚಿದ್ದು."

ಅವನು ಸೀಸೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಏಳು. ಎಂಟು. ಒಂಬತ್ತಕ್ಕೆ ಅವನ ಬೆರಳು ಡಬ್ಬಿಯೊಳಗೆ ತಡಕಾಡಿತು. ಹತ್ತನೆಯದು ಮೂಲೆಯ ಹತ್ತಿಯಲ್ಲಿ ಹುದುಗಿತ್ತು.

"ಹತ್ತೂ ಇದೆ," ಎಂದ. ಗೋಡೆಯ ಮೇಲಿನ ಗಡಿಯಾರದಲ್ಲಿ ಹನ್ನೊಂದಕ್ಕೆ ಎಂಟು ನಿಮಿಷ ಉಳಿದಿತ್ತು.

ಅವಳ ಫೋನು ಗುಂಯ್ ಎಂದಿತು. ನಿರ್ದೇಶಕರ ಸಂದೇಶ: ನನಗೆ ಇವತ್ತೂ ನಲವತ್ತೇ ಬಂದಿದೆ. ಒಂದು ಎಲ್ಲಿ?

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ತಂದಿದ್ದ ಪಟ್ಟಿಯಲ್ಲಿ ಆ ಸಾಲನ್ನು ಹೊಡೆದುಹಾಕಲು ಜಾಗ ಹುಡುಕುತ್ತಿದ್ದ. ಮೇಜಿನ ತುಂಬ ಸೀಸೆಗಳು. ಅವಳು ಹಾಳೆಯನ್ನು ಇಸಿದುಕೊಂಡು ಗೋಡೆಗೆ ಒತ್ತಿ, ಅಲ್ಲಾಡದಂತೆ ಎರಡೂ ಅಂಗೈಗಳಿಂದ ಹಿಡಿದಳು. ಅವನು ಅಡಿಪಟ್ಟಿ ಇಟ್ಟು, ನಿಧಾನವಾಗಿ, ನೇರವಾಗಿ ಗೆರೆ ಎಳೆದ.