ಮೊರದಲ್ಲಿ ಬಂದ ಹೆಸರು

ಸೀರೆ ಅರ್ಧದವರೆಗೆ ಹರಿದಿತ್ತು. ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಎಳೆಯುತ್ತ ದಮಯಂತಿ ಮಗುವಿಗೆ ಬಟ್ಟೆ ಮಾಡುತ್ತಿದ್ದಳು. ಕೊಡಗಿನಲ್ಲಿ ಮೊದಲ ಓಟು ನಡೆದ ವರ್ಷ ಕೊಂಡ ನೂಲಿನ ಸೀರೆ; ಒಗೆದೂ ಒಗೆದೂ ಬೆಣ್ಣೆಯಾಗಿತ್ತು. ನಾಳೆ ತೊಟ್ಟಿಲು. ಮಗಳು ಯಮುನಳ ಮೊದಲೆರಡು ಕೂಸುಗಳು ತಿಂಗಳು ತುಂಬುವ ಮುಂಚೆಯೇ ಹೋಗಿದ್ದವು. ಇದು ಮೂರನೆಯದು, ಹೆಣ್ಣು. ಯಮುನ ಅದನ್ನು ತೋಳಿನಿಂದ ಇಳಿಸುತ್ತಲೇ ಇರಲಿಲ್ಲ.

ಜಗಲಿಯ ಆ ತುದಿಯಲ್ಲಿ ಪಕ್ಕದ ಮನೆಯ ಬೊಳ್ಳಮ್ಮಕ್ಕ ನಾಳೆಗೆಂದು ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದರು.

"ಹೆಸರು ಎಂಥ ಇಡ್ತೀರಿ? ಇನ್ನೂ ಬಾಯಿ ಬಿಡ್ಲಿಲ್ಲ ನೀವು."

"ಅಳಿಯನ ಮನೆಯವರು ನಮಗೇ ಬಿಟ್ಟಿದ್ದಾರೆ ಅಕ್ಕ. ಉಳಿದ್ರೆ ಸಾಕು, ಏನು ಬೇಕಾದ್ರೂ ಕರೀರಿ ಅಂದ್ರು."

"ಹಾಗಾದ್ರೆ ಅಜ್ಜಿ ಹೆಸರೇ ಇಡಿ ಮಾರಾಯ್ತಿ! ದಮಯಂತಿ. ರಾಣಿ ಹೆಸರು ಉಂಟಲ್ಲ ಮನೇಲೇ."

ದಮಯಂತಿ ನಕ್ಕಳು. ಬಟ್ಟೆಯನ್ನು ಮತ್ತೆ ಎಳೆದಳು.

ಆಗ ಗೇಟಿನ ಕಡೆಯಿಂದ ಕೂಗು ಬಂತು.

"ತಿಪ್ಪೀ! ಏ ತಿಪ್ಪೀ! ಇದೇನವ್ವ ನಿನ್ ಮನೆ? ಬಸ್ಸಿಳಿದವಳನ್ನ ವಿರಾಜಪೇಟೆಯೆಲ್ಲ ಸುತ್ತುಸ್ಬುಡ್ತಲ್ಲ!"

ನೋಡುವ ಮೊದಲೇ ದಮಯಂತಿಗೆ ದನಿ ಗೊತ್ತಾಯಿತು. ಶಿರಂಗಾಲದ ಲಿಂಗಮ್ಮ. ತವರಿನ ಗದ್ದೆಯಲ್ಲಿ ಜೀವಮಾನವಿಡೀ ನಾಟಿ ಮಾಡಿದವಳು. ಬೆನ್ನು ಬಾಗಿತ್ತು, ತಲೆಯ ಮೇಲೆ ಹೊಸ ಮೊರ, ಕಂಕುಳಲ್ಲಿ ಪೊರಕೆ.

ಬೊಳ್ಳಮ್ಮಕ್ಕ ಬಾಯಿ ತುಂಬ ನಕ್ಕರು. "ಯಾರನ್ನ ಅಜ್ಜೀ ತಿಪ್ಪಿ ಅನ್ನೋದು? ತಿಪ್ಪೆ ಬೇಕಾದ್ರೆ ಕೊಟ್ಟಿಗೆ ಹಿಂದೆ ಉಂಟು, ಹೋಗು."

"ನಮ್ಮೋಳಲ್ಲ ಅಕ್ಕ," ಎಂದಳು ದಮಯಂತಿ. ಮಾತು ತಾನಾಗಿ ಬಾಯಿಗೆ ಬಂದಿತ್ತು. "ಊರ ಕಡೆ ಮೊರ ಮಾರೋಳು. ವಯಸ್ಸಾಯ್ತು, ಯಾರನ್ನೋ ಯಾರೋ ಅಂದ್ಕೊಂಡಿದಾಳೆ."

ಲಿಂಗಮ್ಮ ನಿಂತಲ್ಲೇ ನಿಂತಳು. ದಮಯಂತಿಯ ಮುಖ, ಎಲೆ ಒರೆಸುವವರ ಮುಖ, ಎರಡನ್ನೂ ನೋಡಿದಳು. ಆಮೇಲೆ ತಲೆಯ ಮೇಲಿನ ಮೊರ ಇಳಿಸಿದಳು.

"ದಿಟವೇ. ಕಣ್ಣು ಮಂಜು ಕಣವ್ವ, ತಪ್ಪಾಯ್ತು. ಮೊರ ಬೇಕಾ ಅಮ್ಮಾವ್ರೇ?"

'ತಿಪ್ಪೀ' ಎಂದು ಕೂಗಿದಾಗ ಆದ ನಾಚಿಕೆ ದಮಯಂತಿಗೆ ಆ 'ಅಮ್ಮಾವ್ರೇ' ಎಂಬ ಮಾತಿನ ಮುಂದೆ ಏನೇನೂ ಅಲ್ಲವೆನಿಸಿತು.

ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಳೆಲೆ ಹಾಕಿ, ಅನ್ನ ಬಡಿಸಿದಳು. ಲಿಂಗಮ್ಮ ತಲೆ ಬಗ್ಗಿಸಿ ಉಂಡಳು. ಎದುರು ಕುಳಿತ ದಮಯಂತಿಗೆ ಅವಳ ಕೈಯನ್ನು ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ. ತನ್ನನ್ನು ಈ ಲೋಕದಲ್ಲಿ ಮೊದಲು ಎತ್ತಿಕೊಂಡ ಕೈ ಅದು.

ಅವ್ವ ಮುತ್ತಮ್ಮನಿಗೆ ಸಾಲಾಗಿ ಮಕ್ಕಳು ಸತ್ತ ಮೇಲೆ ಹುಟ್ಟಿದವಳು ದಮಯಂತಿ. ಹಾಗೆ ಹುಟ್ಟಿದ ಕೂಸನ್ನು ಶಿರಂಗಾಲದಲ್ಲಿ ತಿಪ್ಪೆಯ ಮೇಲೆ ಮಲಗಿಸುತ್ತಿದ್ದರು. ಬೇರೆ ಮನೆಯ ಹೆಂಗಸು ಬಂದು, "ಯಾರ ಮಗಾನವ್ವ ಇದು?" ಎಂದು ಕೇಳಬೇಕು. ಹೆತ್ತವಳು "ನಂದಲ್ಲ" ಅನ್ನಬೇಕು. ಮೂರು ಸಲ. ಆಗ ಆ ಹೆಂಗಸು ಕಸದ ಜೊತೆಗೆ ಕೂಸನ್ನೂ ಮೊರಕ್ಕೆ ಗುಡಿಸಿಕೊಂಡು ಹೋಗುವಳು. ಹೆತ್ತವಳು ಹಿಂದೆಯೇ ಹೋಗಿ ಒಂದು ಮೊರ ತೌಡು ಕೊಟ್ಟು ಕೊಂಡು ತರುವಳು. ಹೆತ್ತವರಿಗೇ ಬೇಡವಾದ ಕೂಸು, ಕರೆಯುವವರಿಗೂ ಹೇಸಿಗೆಯೆನಿಸುವ ಹೆಸರು. ಜವರಾಯ ಅಂಥದ್ದನ್ನು ಮುಟ್ಟುವುದಿಲ್ಲ ಎಂದು ನಂಬಿಕೆ. ತಿಪ್ಪಮ್ಮ ಉಳಿದಳು. ಗುಡಿಸಿ ಎತ್ತಿದವಳು ಎತ್ತಿದವ್ವ ಆದಳು. ಮದುವೆಯಲ್ಲಿ ಮೊದಲ ಮಡಿಲಕ್ಕಿ ಲಿಂಗಮ್ಮನ ಕೈಯದೇ.

ಮದುವೆಯ ಮಾರನೆಯ ದಿನ ಗಂಡ ಸಿದ್ದರಾಜು ಹೇಳಿದ್ದ: "ಪೇಟೇಲಿ ಜವಳಿ ಅಂಗಡಿ ಇಡ್ತಿದ್ದೀನಿ. ತಿಪ್ಪಮ್ಮ ಅಂತ ಕರೆದ್ರೆ ಗಿರಾಕಿಗಳು ಮೂಗು ಮುಚ್ಕೋತಾರೆ." ದಮಯಂತಿ ಎಂಬ ಹೊಸ ಹೆಸರನ್ನು ಅವನೇ ಹುಡುಕಿದ; ಹಳೆಯದನ್ನು ಮುಂದೆ ಯಮುನಳಿಗೂ ಹೇಳಲಿಲ್ಲ. ಆ ದಿನ ಅವಳಿಗೆ ನೋವಾಗಿರಲಿಲ್ಲ. ಹೊಸ ಸೀರೆ ಉಟ್ಟಷ್ಟು ಹಿತವಾಗಿತ್ತು. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು.

"ಯಮುನವ್ವನ ಎರಡು ಹೋದ್ವು, ಇದು ಮೂರನೇದು ಅಂತ ಊರಲ್ಲಿ ಕೇಳ್ದೆ," ಎಂದಳು ಲಿಂಗಮ್ಮ, ಎಲೆ ಮಡಿಚುತ್ತ. "ಅದ್ಕೇ ಬಂದೆ. ಮೊರ ನಾನೇ ಹೆಣೆಸ್ಕೊಂಡು ಬಂದೆ. ಬ್ಯಾಡ ಅಂದ್ರೆ ಅಕ್ಕಿ ಕೇರ್ಕೊಳ್ಳಿ, ಅದ್ಕೂ ಆಯ್ತದೆ."

"ಲಿಂಗಮ್ಮವ್ವ, ಆಗ ಜಗಲೀಲಿ..."

"ಬುಡವ್ವ. ನಿಮ್ಮವ್ವನೂ 'ನಂದಲ್ಲ' ಅಂದ್ಲು. ಅಂದು, ಸೆರಗು ಬಾಯಿಗಿಟ್ಕೊಂಡು ಅತ್ಲು." ಲಿಂಗಮ್ಮನ ಬೊಚ್ಚುಬಾಯಲ್ಲಿ ಸಣ್ಣ ನಗು ಬಂತು. "ಅವಳು ಅಂದಿದ್ದು ನೀನು ಉಳೀಲಿ ಅಂತ. ನೀನಂದಿದ್ದು ಯಾರುಳೀಲಿ ಅಂತ್ಲೋ, ನಂಗೊತ್ತಾಗ್ನಿಲ್ಲ."

ದಮಯಂತಿ ಎಂಜಲೆಲೆ ಎತ್ತಲು ಕೈ ಚಾಚಿದಳು. ಲಿಂಗಮ್ಮ ಕೊಡಲಿಲ್ಲ. ತಾನೇ ಒಯ್ದು ಗುಂಡಿಗೆ ಹಾಕಿ ಬಂದಳು.

ಒಳಗೆ ಹೋದರೆ ಯಮುನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ತೋಳಲ್ಲಿ ಕೂಸು. ಹಿತ್ತಲಿನ ಮಾತಿನ ತುಣುಕಷ್ಟೇ ಅವಳ ಕಿವಿಗೆ ಬಿದ್ದಿರಬೇಕು.

"ಅವ್ವಾ, ಆ ಅಜ್ಜಿ ಮೊರ ತಂದದ್ದು ತಿಪ್ಪೆಯಿಂದ ಎತ್ತಲಿಕ್ಕಾ? ನಮ್ಮ ಅತ್ತೆನೂ ಒಂದ್ಸಲ ಹೇಳಿದ್ರು. ಹಾಗೆ ಮಾಡಿದ ಮಕ್ಕಳು ಉಳೀತಾವಂತೆ."

"ಹಾಗಂತಾರೆ."

"ನೀನು ಯಾರನ್ನಾದ್ರೂ ಕಂಡಿದ್ದೀಯ? ಹಾಗೆ ಉಳಿದು ದೊಡ್ಡವರಾದವರನ್ನ? ಒಬ್ಬರನ್ನ ತೋರಿಸು ಸಾಕು. ಒಂದು ರಾತ್ರಿ ನಿದ್ದೆ ಮಾಡ್ತೇನೆ."

ಮಗಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಜಗಲಿಯಿಂದ ಬೊಳ್ಳಮ್ಮಕ್ಕ, "ದಮಯಂತೀ, ಅಡಿಕೆ ಎಲ್ಲಿ ಇಟ್ಟಿದ್ದೀರಿ?" ಎಂದು ಕರೆದರು.

"ಕೇಳಿದ್ದೀನಿ ಅಷ್ಟೆ," ಎಂದಳು ದಮಯಂತಿ.

ಯಮುನ ಮುಖ ತಿರುಗಿಸಿ ಕೂಸಿನ ನೆತ್ತಿಗೆ ಗಲ್ಲ ಒತ್ತಿಕೊಂಡಳು.

ಅಡಿಕೆ ಕೊಟ್ಟು ದಮಯಂತಿ ಹಿತ್ತಲಿಗೆ ಬಂದಳು. ಒಂದೇ ಮಧ್ಯಾಹ್ನದಲ್ಲಿ ಎರಡು ಸಲ ಅಂದಾಯಿತು, ನಂದಲ್ಲ, ನಂದಲ್ಲ ಎಂದು. ಎತ್ತಿದವಳನ್ನು ಬಿಟ್ಟದ್ದಾಯಿತು. ಹೆತ್ತ ಮಗಳು ಕೈಚಾಚಿ ಬೇಡಿದರೂ ತಾನು ಜೀವಂತ ನಿಂತಿರುವುದನ್ನೇ ತೋರಿಸಲಿಲ್ಲ. ಒಂದು ಹೆಸರಿಗೆ ಹೆದರಿ!

ಲಿಂಗಮ್ಮ ಕೈಚೀಲ ಸರಿಮಾಡಿಕೊಳ್ಳುತ್ತಿದ್ದಳು. "ಸಂಜೆ ಬಸ್ಸಿಗೆ ಹೊಂಟೆ ಅಮ್ಮಾವ್ರೇ."

"ಬೇಡ. ನಾಳೆ ಹೋಗು." ದಮಯಂತಿ ಅವಳ ಕೈ ಹಿಡಿದಳು. "ಇರವ್ವ."

ಲಿಂಗಮ್ಮ ಅವಳನ್ನೇ ನೋಡಿದಳು. ಕೈಚೀಲವನ್ನು ಮತ್ತೆ ಗೋಡೆಗೆ ಒರಗಿಸಿದಳು.

ದಮಯಂತಿ ಕೊಟ್ಟಿಗೆಗೆ ಹೋಗಿ, ಹಸುವಿನ ತೌಡಿನ ಡಬ್ಬಿ ತೆರೆದು, ಹೊಸ ಮೊರಕ್ಕೆ ಬೊಗಸೆ ಬೊಗಸೆಯಾಗಿ ಸುರಿದಳು. ಮೂಗಿಗೆ ತೌಡಿನ ಹುಡಿ ಏರಿತು, ಕಣ್ಣಲ್ಲಿ ನೀರು ಬಂತು. ನಾಳೆ ಜಗಲಿಯ ತುಂಬ ಹೆಂಗಸರಿರುತ್ತಾರೆ. ಹೆಸರೇನು ಎಂದು ಬೊಳ್ಳಮ್ಮಕ್ಕ ಕೇಳಿಯೇ ಕೇಳುತ್ತಾರೆ. ಅಜ್ಜಿ ಹೆಸರೇ ಇಡುತ್ತೇವೆ, ತಿಪ್ಪಮ್ಮ. ನಾನೇ ಅವಳು, ಎತ್ತಿದವಳು ಇಗೋ ಇಲ್ಲಿ ಕೂತಿದ್ದಾಳೆ. ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡಳು. ಸಿದ್ದರಾಜು ಎದುರಿಗೇ ನಿಂತಿದ್ದಾನೆಂದು ಎಣಿಸಿ ಇನ್ನೊಮ್ಮೆ.

ತುಂಬಿದ ಮೊರವನ್ನು ಮುಂದಿನ ಬಾಗಿಲಿನಿಂದಲೇ ಒಳಗೆ ತಂದಾಗ ಬೊಳ್ಳಮ್ಮಕ್ಕ ತಲೆಯೆತ್ತಿದರು. "ಅದೆಂಥ, ಹಸುವಿಗಾ?"

"ನಾಳೆಗೆ ಅಕ್ಕ," ಎಂದಷ್ಟೇ ಹೇಳಿ ದಮಯಂತಿ ಮೊರವನ್ನು ಖಾಲಿ ತೊಟ್ಟಿಲಿನ ಕೆಳಗೆ ಸರಿಸಿದಳು. ಮತ್ತೆ ಬಂದು ಕುಳಿತು, ಅರ್ಧಕ್ಕೆ ಬಿಟ್ಟಿದ್ದ ಸೀರೆಯ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡಳು.